ಚಿಪ್ಪಿನ ಮೇಲಿನ ಕಸೂತಿ ಯಾರದು?

ಕುರುಗೋಡಿನ ಕಡೆಯ ಒಂದು ಶಾಲೆಗೆ ಹೋದ ವರ್ಷ ವಿಜ್ಞಾನ ಕಾರ್ಯಕ್ರಮಕ್ಕೆಂದು ಹೋಗಿದ್ದೆ. ಊಟದ ಬಿಡುವಿನಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ಬಂದು ಅಂಗೈ ಬಿಚ್ಚಿದಳು. ಅದರಲ್ಲೊಂದು ಸಮುದ್ರದ ಚಿಪ್ಪು. ಮನೆಯವರ ಜೊತೆ ಮುರ್ಡೇಶ್ವರಕ್ಕೆ ಹೋದಾಗ ದಂಡೆಯಲ್ಲಿ ಆರಿಸಿಕೊಂಡದ್ದಂತೆ. ಚಿಪ್ಪಿನ ಒಳಮೈಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ತೆಳ್ಳನೆಯ ಬಿಳಿ ಬಲೆ ಅಂಟಿಕೊಂಡಿತ್ತು.

"ಸಾರ್, ಇದ್ರ ಮ್ಯಾಲೆ ಕಸೂತಿ ಹಾಕ್ದೋರು ಯಾರ್ರಿ?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಹುಡುಗ, "ನಮ್ಮೂರಾಗ ಸಮುದ್ರಾನ ಇಲ್ಲ ಸಾರ್. ಇದನ್ನ ತಿಳ್ಕಂಡು ನಮಗೇನಾಗ್ಬೇಕು?" ಎಂದ.

ಮಕ್ಕಳೇ, ಎರಡೂ ಒಳ್ಳೆಯ ಪ್ರಶ್ನೆಗಳೇ. ಮೊದಲನೆಯದಕ್ಕೆ ಅಂದು ಐದು ನಿಮಿಷದಲ್ಲಿ ಉತ್ತರ ಹೇಳಿ ಮುಗಿಸಿದೆ. ಎರಡನೆಯದಕ್ಕೆ ಏನೋ ಹಾರಿಕೆಯ ಮಾತು ಹೇಳಿ ಬಸ್ಸು ಹತ್ತಿದೆ. ಆ ಹುಡುಗನಿಗೆ ಸರಿಯಾದ ಉತ್ತರ ಕೊಡಬೇಕೆಂದೇ ಈಗ ಬರೆಯುತ್ತಿದ್ದೇನೆ.

ಮೊದಲು ಕಸೂತಿಯ ವಿಷಯ. ಅದನ್ನು ಕಟ್ಟಿದ್ದು ಬ್ರಯೋಜೋವ ಎಂಬ ಪ್ರಾಣಿ. ಗ್ರೀಕ್ ಭಾಷೆಯಲ್ಲಿ ಈ ಹೆಸರಿಗೆ 'ಹಾವಸೆ ಪ್ರಾಣಿ' ಎಂದು ಅರ್ಥ. ನೋಡಲು ಹಾವಸೆಯಂತೆ, ಪಾಚಿಯಂತೆ ಕಾಣುತ್ತದೆ. ಆದರೆ ಗಿಡವಲ್ಲ, ಪ್ರಾಣಿ. ಒಂದೇ ಪ್ರಾಣಿಯೂ ಅಲ್ಲ! ಆ ಬಲೆಯ ಒಂದೊಂದು ಕಣ್ಣೂ ಒಂದೊಂದು ಮನೆ. ಮನೆಗೊಬ್ಬ ನಿವಾಸಿ. ಹಳೆಯ ಊರುಗಳಲ್ಲಿ ವಠಾರ ಎಂದು ಇರುತ್ತಿತ್ತಲ್ಲ, ಸಾಲಾಗಿ ಮನೆಗಳು, ಇಬ್ಬರ ನಡುವೆ ಒಂದೇ ಗೋಡೆ, ಹಾಗೆ. ಪ್ರತಿಯೊಬ್ಬ ನಿವಾಸಿಗೂ ಬಾಯಿಯ ಸುತ್ತ ಕೂದಲಿನಂಥ ತಂತುಗಳ ಕಿರೀಟವಿದೆ. ಅದನ್ನು ಹೊರಗೆ ಚಾಚಿ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಹಿಡಿದು ತಿನ್ನುತ್ತದೆ. ಯಾರಾದರೂ ಮುಟ್ಟಿದರೆ ಚಕ್ಕನೆ ಒಳಗೆ ಎಳೆದುಕೊಳ್ಳುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಮನೆ ಅರ್ಧ ಮಿಲಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ಅಗಲ ಎಂದುಕೊಳ್ಳಿ. ಒಂದು ಚದರ ಸೆಂಟಿಮೀಟರಿನಲ್ಲಿ 20 ಸಾಲು, ಸಾಲಿಗೆ 20 ಮನೆ, ಅಂದರೆ 400 ಮನೆಗಳು. ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಸಾವಿರಕ್ಕೂ ಹೆಚ್ಚು. ನಮ್ಮ ಕಡೆಯ ಒಂದು ಸಣ್ಣ ಹಳ್ಳಿಯ ಜನರಷ್ಟು ಜೀವಿಗಳು ಆ ಹುಡುಗಿಯ ಅಂಗೈಯಲ್ಲಿ ಒಂದು ಕಾಲಕ್ಕೆ ಸಂಸಾರ ಮಾಡಿದ್ದವು. ವಿಚಿತ್ರವೆಂದರೆ ಇವರೆಲ್ಲ ಒಂದೇ ಒಂದು ಮರಿಯಿಂದ ಬಂದವರು. ನೀರಿನಲ್ಲಿ ಈಜಿ ಬಂದ ಮರಿ ಚಿಪ್ಪಿಗೆ ಅಂಟಿಕೊಂಡು ಮೊದಲ ಮನೆ ಕಟ್ಟುತ್ತದೆ. ಅದರ ಪಕ್ಕದಲ್ಲಿ ಮೊಗ್ಗಿನಂತೆ ಎರಡನೆಯವನು, ಆಮೇಲೆ ಮೂರನೆಯವನು. ಕೆಲವು ಜಾತಿಗಳಲ್ಲಿ ಕೆಲಸದ ಹಂಚಿಕೆಯೂ ಉಂಟು. ಕೆಲವರು ಉಣ್ಣುವವರು, ಕೆಲವರು ಹಕ್ಕಿಯ ಕೊಕ್ಕಿನಂಥ ಅಂಗದಿಂದ ಕಾವಲು ಕಾಯುವವರು. ಕಾವಲಿನವನಿಗೆ ತಾನಾಗಿ ಉಣ್ಣಲು ಬರುವುದಿಲ್ಲ. ಪಕ್ಕದ ಮನೆಯವರು ಉಂಡದ್ದೇ ಗೋಡೆ ದಾಟಿ ಅವನಿಗೂ ತಲುಪುತ್ತದೆ.

ಹೀಗೆ ಗುಂಪುಕಟ್ಟಿ ಒಂದೇ ದೇಹದಂತೆ ಬಾಳುವ ಪ್ರಾಣಿಗಳು ಸಮುದ್ರದಲ್ಲಿ ಇನ್ನೂ ಇವೆ. ಹವಳ ನಿಮಗೆ ಗೊತ್ತು. ಗರಿಯಂತೆ ಕಾಣುವ ಹೈಡ್ರಾಯ್ಡುಗಳಿವೆ. ಮುಟ್ಟಿದರೆ ನೀರು ಚಿಮ್ಮುವ ಅಸಿಡಿಯನ್‌ಗಳಿವೆ. ಅವುಗಳಲ್ಲಿ ಕೆಲವು ಜಾತಿಗಳು ನಕ್ಷತ್ರದ ಆಕಾರದಲ್ಲಿ ಒಟ್ಟಿಗೆ ಕುಳಿತಿರುತ್ತವೆ. ಅಂಟಂಟಾಗಿ ಲೋಳೆಯಂತಿರುವ ಈ ಅಸಿಡಿಯನ್ನಿನ ಮರಿಗೆ ನಮ್ಮ ಬೆನ್ನುಮೂಳೆಯ ಪೂರ್ವರೂಪದಂಥ ಒಂದು ದಂಡ ಇರುತ್ತದೆ. ಅಂದರೆ ಅದು ನಮಗೆ ದೂರದ ನೆಂಟ. ಬ್ರಯೋಜೋವಗಳಲ್ಲಿ ಈವರೆಗೆ ಹೆಸರಿಟ್ಟ, ಈಗಲೂ ಬದುಕಿರುವ ಜಾತಿಗಳು ಸುಮಾರು 6,000. ಅಸಿಡಿಯನ್‌ಗಳು ಸುಮಾರು 3,000.

ಚಾರ್ಲ್ಸ್ ಡಾರ್ವಿನ್ ಹೆಸರು ಕೇಳಿದ್ದೀರಿ. 1827ರಲ್ಲಿ, 18ನೆಯ ವಯಸ್ಸಿನಲ್ಲಿ, ಅವನು ಎಡಿನ್‌ಬರೋದ ವಿದ್ಯಾರ್ಥಿಗಳ ಸಂಘವೊಂದರ ಮುಂದೆ ತನ್ನ ಮೊದಲ ಸಂಶೋಧನೆ ಹೇಳಿದ. ವಿಷಯ ಯಾವುದು ಗೊತ್ತೇ? ಇದೇ ಹಾವಸೆ ಪ್ರಾಣಿ. ಅದರ ಮೊಟ್ಟೆಗಳೆಂದು ಜನ ತಿಳಿದಿದ್ದವು ತಾವೇ ಈಜಾಡುತ್ತವೆ ಎಂದು ಅವನು ಕಂಡಿದ್ದ. ಫಿಂಚ್ ಹಕ್ಕಿಗಳ ಕಥೆ ಎಲ್ಲ ಪುಸ್ತಕಗಳಲ್ಲೂ ಬರುತ್ತದೆ, ಇದು ಬರುವುದಿಲ್ಲ. ನನಗೆ ಈ ಕಥೆಯೇ ಹೆಚ್ಚು ಇಷ್ಟ.

ಮುರ್ಡೇಶ್ವರದ ದಂಡೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ, ಸುಮಾರು 19 ಕಿಲೋಮೀಟರ್ ದೂರದ ಸಮುದ್ರದಲ್ಲಿ ಒಂದು ಗುಡ್ಡದ ದ್ವೀಪವಿದೆ. ಅದೇ ನೇತ್ರಾಣಿ. ಅದರ ಸುತ್ತ ನೀರಿನೊಳಗೆ ಹವಳಗಳಿವೆ, ಬಣ್ಣಬಣ್ಣದ ಮೀನುಗಳಿವೆ. ಮೈಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗಿ ನೋಡಲು ಜನ ಈಗ ದೂರದೂರದಿಂದ ಬರುತ್ತಾರೆ. ಹಿಂದೆ ನಮ್ಮ ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದದ್ದೂ ಇದೇ ದ್ವೀಪವನ್ನು. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇಲ್ಲಿಯ ಹವಳ ಮತ್ತು ಮೀನುಗಳ ಸಮೀಕ್ಷೆ ಮಾಡಿ 2008ರಲ್ಲಿ ಪ್ರಕಟಿಸಿದರು.

ದ್ವೀಪಗಳ ಸುತ್ತಲೇ ಯಾಕೆ ಹುಡುಕಬೇಕು? ಅಂಟಿ ಕೂರುವ ಪ್ರಾಣಿಗೆ ಗಟ್ಟಿಯಾದ ಜಾಗ ಬೇಕು. ಮರಳಿನ ತಳ ಅಲೆಗೆ ಅಲುಗಾಡುತ್ತದೆ, ಕೆಸರು ಬಾಯಿಗೆ ತುಂಬುತ್ತದೆ. ದ್ವೀಪದಲ್ಲಿ ಬಂಡೆ ಉಂಟು, ಸಂದುಗಳುಂಟು, ನೀರಿನ ಓಟ ಊಟವನ್ನು ಬಾಗಿಲಿಗೇ ತರುತ್ತದೆ. ಉಷ್ಣವಲಯದ ಬೆಚ್ಚನೆಯ ನೀರಿನಲ್ಲಿ ಒಂದು ಬಂಡೆಯ ಮೇಲೆ ಜಾಗಕ್ಕಾಗಿ ಎಷ್ಟು ಪೈಪೋಟಿ ಎಂದರೆ, ಸಂತೆಯ ದಿನ ಬಸ್ಸಿನಲ್ಲಿ ಸೀಟಿಗೂ ಅಷ್ಟಿರಲಾರದು. ಒಬ್ಬರ ಮೇಲೊಬ್ಬರು ಬೆಳೆಯುತ್ತಾರೆ. ಬಿಸಿಲು ಬೀಳುವ ಮೇಲ್ಮೈಯನ್ನು ಹವಳ, ಪಾಚಿಗಳು ಹಿಡಿದರೆ, ಕಲ್ಲಿನ ತಳ, ಕತ್ತಲೆಯ ಪೊಟರೆಗಳೆಲ್ಲ ಹಾವಸೆ ಪ್ರಾಣಿ, ಅಸಿಡಿಯನ್‌ಗಳ ಪಾಲು. ನೀರಿಗೆ ಮುಳುಗಿದವರ ಕ್ಯಾಮೆರಾ ಮೇಲ್ಮೈಯನ್ನೇ ನೋಡುತ್ತದೆ. ತಳವನ್ನು ನೋಡಬೇಕಾದರೆ ಕಲ್ಲು ಮಗುಚಬೇಕು. ಮಗುಚಿ, ನೋಡಿ, ಬರೆದುಕೊಂಡು, ಮತ್ತೆ ಇದ್ದ ಹಾಗೆಯೇ ಇಡಬೇಕು. ಇಡದಿದ್ದರೆ ತಳದವರು ಬಿಸಿಲಿಗೆ ಸಾಯುತ್ತಾರೆ, ಮೇಲಿನವರು ಕತ್ತಲೆಗೆ ಸಾಯುತ್ತಾರೆ. ಸಮೀಕ್ಷೆ ಮಾಡುವವರು ಮೊದಲು ಕಲಿಯಬೇಕಾದ ಪಾಠ ಇದು.

ಎಣಿಸುವುದು ಹೇಗೆ? ಹುಲಿಯಾದರೆ ಒಂದು, ಎರಡು ಎಂದು ಎಣಿಸಬಹುದು. ಸಾವಿರ ಬಾಯಿಗಳ ಒಂದು ವಠಾರವನ್ನು ಒಂದೆನ್ನುವುದೋ ಸಾವಿರವೆನ್ನುವುದೋ? ವಿಜ್ಞಾನಿಗಳು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ತಲೆ ಎಣಿಸುವ ಬದಲು ಜಾಗ ಅಳೆಯುತ್ತಾರೆ. ಒಂದು ಚೌಕಟ್ಟಿಗೆ ಅಡ್ಡ, ಉದ್ದ ದಾರ ಕಟ್ಟಿ 100 ಚೌಕ ಮಾಡಿ ಬಂಡೆಯ ಮೇಲೆ ಇಡುತ್ತಾರೆ. ಎಷ್ಟು ಚೌಕಗಳಲ್ಲಿ ಯಾರು ಕುಳಿತಿದ್ದಾರೆ ಎಂದು ಬರೆದರೆ ಶೇಕಡಾವಾರು ಲೆಕ್ಕ ತಾನಾಗಿ ಸಿಗುತ್ತದೆ. ಇನ್ನೊಂದು ಉಪಾಯ, ಹಲಗೆ ಇಳಿಬಿಡುವುದು. ಪ್ಲಾಸ್ಟಿಕ್ ಹಲಗೆಗಳನ್ನು ನಡುವೆ ಸಂದು ಬಿಟ್ಟು ಒಂದರ ಮೇಲೊಂದು ಜೋಡಿಸಿ ಸಮುದ್ರದ ತಳದಲ್ಲಿ ಇಟ್ಟು ಬರುತ್ತಾರೆ. ತಿಂಗಳುಗಳು, ವರ್ಷಗಳು ಕಳೆದ ಮೇಲೆ ತೆಗೆದು, ಬಾಡಿಗೆಗೆ ಬಂದವರು ಯಾರು ಯಾರು ಎಂದು ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಾರೆ. ಈಗ ಡಿ.ಎನ್.ಎ. ಪರೀಕ್ಷೆಯೂ ಜೊತೆಗೂಡಿದೆ.

ಕೇರಳದಾಚೆಯ ಸಮುದ್ರದಲ್ಲಿರುವ ಲಕ್ಷದ್ವೀಪದ ಕಥೆ ಕೇಳಿ. ಅಲ್ಲಿಯ ಅಮಿನಿದಿವಿ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಮಂಗಳೂರಿನಿಂದ ಅವುಗಳ ಆಡಳಿತ ನಡೆಯುತ್ತಿತ್ತು. ಸ್ಟ್ಯಾನ್ಲಿ ಗಾರ್ಡಿನರ್ ಎಂಬ ವಿಜ್ಞಾನಿಯ ತಂಡ 1899-1900ರಲ್ಲಿ ಮಾಲ್ದೀವ್ಸ್ ಮತ್ತು ಲಕ್ಷದ್ವೀಪಗಳ ಜೀವಿಗಳನ್ನು ಸಂಗ್ರಹಿಸಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿತು. ಸುಮಾರು ನೂರು ವರ್ಷ ಕಳೆದು 1998ರಲ್ಲಿ ಸಮುದ್ರದ ನೀರು ಬಿಸಿಯಾಗಿ ಲಕ್ಷದ್ವೀಪದ ಹವಳಗಳು ಬೆಳ್ಳಗಾದವು, ಬಹಳಷ್ಟು ಸತ್ತವು. 2010ರಲ್ಲಿ ಮತ್ತೆ, 2016ರಲ್ಲಿ ಮತ್ತೆ, 2024ರಲ್ಲಿ ಇನ್ನೊಮ್ಮೆ. ಹವಳ ಸತ್ತಾಗ ಬಿಳಿಯಾಗಿ ಎದ್ದು ಕಾಣುತ್ತದೆ, ಸುದ್ದಿಯಾಗುತ್ತದೆ. ಅದರ ಸಂದಿಯಲ್ಲಿದ್ದ ಸಣ್ಣವರು ಸತ್ತರೆ? ಹಳೆಯ ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ಯಾರೋ ಒಬ್ಬರು 'ಇವರೆಲ್ಲಿ ಹೋದರು?' ಎಂದು ಕೇಳಬಲ್ಲರು. ಹೆಸರೇ ಇಲ್ಲದವರನ್ನು ಕೇಳುವವರು ಯಾರು?

ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಹುಲಿ, ಆನೆ, ನವಿಲುಗಳ ಗಣತಿ ಬೇಕು, ಬೇಡ ಎನ್ನುವುದಿಲ್ಲ. ಆದರೆ ಪಟ್ಟಿಯಲ್ಲಿ ಮೊದಲು ಬರಬೇಕಾದವರು ಎದ್ದು ಓಡಲಾರದವರು. ಕಾಡಿಗೆ ಬೆಂಕಿ ಬಿದ್ದರೆ ಜಿಂಕೆ ಓಡೀತು. ಬಂಡೆಗೆ ಅಂಟಿದ ಪ್ರಾಣಿ ಎಲ್ಲಿಗೆ ಓಡುತ್ತದೆ? ನೀರು ಬಿಸಿಯಾದರೂ, ಕೊಳೆಯಾದರೂ, ಕುಳಿತಲ್ಲೇ ಅನುಭವಿಸಬೇಕು. ಆದ್ದರಿಂದಲೇ ಆ ಜಾಗದ ಆರೋಗ್ಯದ ಸುದ್ದಿಯನ್ನು ಅದರಷ್ಟು ಸರಿಯಾಗಿ ಬೇರೆಯವರು ಹೇಳಲಾರರು.

ಪಟ್ಟಿ ಇಲ್ಲದಿದ್ದರೆ ಎಂಥ ಗೊಂದಲವಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. 1972ರಲ್ಲಿ ಹವಾಯಿ ದ್ವೀಪದ ಪರ್ಲ್ ಹಾರ್ಬರ್ ಬಂದರಿನಲ್ಲಿ ಕಾರಿಜೋವ ಎಂಬ ಬಿಳಿ ಹೂವಿನಂಥ ಮೃದು ಹವಳ ಕಂಡಿತು. ಮುಂದೆ ಅದು ಆಳದ ನೀರಿಗಿಳಿದು, ಅಲ್ಲಿನ ಬೆಲೆಬಾಳುವ ಕರಿಹವಳದ ಮೇಲೆ ಹಬ್ಬಿ ಅದನ್ನು ಕೊಲ್ಲತೊಡಗಿತು. ಹಡಗಿನ ತಳಕ್ಕೆ ಅಂಟಿಕೊಂಡು ಕೆರಿಬಿಯನ್ ಸಮುದ್ರದಿಂದ ಬಂದದ್ದೆಂದು ವರ್ಷಗಟ್ಟಲೆ ಎಲ್ಲರೂ ನಂಬಿದ್ದರು. ಆಮೇಲೆ ಡಿ.ಎನ್.ಎ. ಪರೀಕ್ಷೆ ಮಾಡಿದರೆ, ಅದರ ಮೂಲ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಕಡೆಗೇ ಬೊಟ್ಟು ಮಾಡಿತು! ಅದೇ ಜಾತಿ ನಮ್ಮ ಭಾರತದ ಕರಾವಳಿಯಲ್ಲೂ ಕಂಡಿದೆ. ಇಲ್ಲಿ ಅದು ಮನೆಯವರೋ, ಬಂದ ನೆಂಟರೋ? ನೂರು ವರ್ಷದ ಹಿಂದೆ ನಮ್ಮ ಪ್ರತಿ ಬಂದರಿನಲ್ಲೂ ಯಾರೋ ಒಬ್ಬರು ಕುಳಿತು ಬಂಡೆಗೆ ಅಂಟಿದ್ದನ್ನೆಲ್ಲ ಬರೆದಿಟ್ಟಿದ್ದರೆ ಉತ್ತರ ಸುಲಭವಾಗುತ್ತಿತ್ತು.

ಈ ಪ್ರಾಣಿಗಳಿಂದ ಔಷಧಿ ಸಿಗುತ್ತದೆ, ಅದಕ್ಕಾಗಿ ಎಣಿಸಬೇಕು ಎನ್ನುವವರೂ ಇದ್ದಾರೆ. ಸುಳ್ಳಲ್ಲ. ಕೆರಿಬಿಯನ್ನಿನ ಒಂದು ಅಸಿಡಿಯನ್‌ನಲ್ಲಿ ಮೊದಲು ಕಂಡ ಟ್ರಾಬೆಕ್ಟೆಡಿನ್ ಎಂಬ ವಸ್ತುವಿಗೆ ಕ್ಯಾನ್ಸರ್ ಔಷಧಿಯಾಗಿ 2007ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿತು. ಆದರೂ ಈ ವಾದ ನನಗೆ ಅಷ್ಟು ರುಚಿಸುವುದಿಲ್ಲ. ನಮಗೆ ಉಪಯೋಗವಾದವರ ಹೆಸರು ಮಾತ್ರ ಬರೆಯುತ್ತೇವೆ ಎಂದರೆ, ಅದು ಅಂಗಡಿಯ ಸಾಮಾನು ಚೀಟಿಯಾದೀತೇ ಹೊರತು ಗಣತಿಯಾಗದು.

ಇರಲಿ, ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಬಳ್ಳಾರಿಯಿಂದ ಸಮುದ್ರಕ್ಕೆ ಹಕ್ಕಿ ಹಾರುವ ದಾರಿಯಲ್ಲಿ ಅಳೆದರೂ ಸುಮಾರು 300 ಕಿಲೋಮೀಟರ್. ನಮಗೂ ಇದಕ್ಕೂ ಏನು ಸಂಬಂಧ?

ಕೆಲವು ವರ್ಷಗಳ ಹಿಂದೆ ಸಿರುಗುಪ್ಪದ ಕಡೆಯ ಶಾಲೆಯೊಂದರಲ್ಲಿ ಒಬ್ಬ ಹುಡುಗ ಬೇವಿನ ಕಡ್ಡಿಯೊಂದನ್ನು ತಂದು ನನ್ನ ಮುಂದಿಟ್ಟ. ಕಾಲುವೆಯಲ್ಲಿ ತೇಲಿ ಬಂದು ದಡಕ್ಕೆ ಸಿಕ್ಕಿಕೊಂಡಿತ್ತಂತೆ. ಅದರ ಕೆಳಭಾಗದಲ್ಲಿ ಕಂದು ಬಣ್ಣದ ದಾರದಂಥ ಕೊಳವೆಗಳು ಕವಲೊಡೆದು ಅಂಟಿದ್ದವು. "ಏನ್ ಸಾರ್ ಇದು?" ಎಂದ. ನಾನು ಕನ್ನಡಕವನ್ನೂ ಹಾಕಿಕೊಳ್ಳದೆ, "ಪಾಚಿ ಕಣಪ್ಪ, ಬಿಸಾಡು, ಕೈ ತೊಳ್ಕೊ" ಎಂದೆ. ಅವನು ಬಿಸಾಡಿದ. ರಾತ್ರಿ ಮಲಗಿದಾಗ ಹೊಳೆಯಿತು, ಪಾಚಿ ಹಸಿರಲ್ಲವೇ? ಕತ್ತಲಿನ ಅಡಿಭಾಗದಲ್ಲಿ, ಕಂದು ಬಣ್ಣದ ಕೊಳವೆಗಳು! ಸಿಹಿನೀರಿನ ಹಾವಸೆ ಪ್ರಾಣಿಯ ವರ್ಣನೆ ಇದೇ. ಎಂ.ಎಸ್‌ಸಿ.ಯಲ್ಲಿ ಅರ್ಧ ಪುಟ ಓದಿ ಅಂಕವನ್ನೂ ಪಡೆದಿದ್ದೆ. ಮುಂದಿನ ವಾರ ಮತ್ತೆ ಹೋದೆ. ಕಾಲುವೆಗೆ ನೀರು ನಿಲ್ಲಿಸಿದ್ದರು. ಕಡ್ಡಿ ಸಿಗಲಿಲ್ಲ. ಅದು ಪ್ರಾಣಿಯೋ ಬರೀ ಕೊಳೆಯೋ, ಇನ್ನು ಯಾರಿಗೂ ತಿಳಿಯುವಂತಿಲ್ಲ. ಆ ಹುಡುಗನ ಮುಂದೆ ನಾನು ಸಣ್ಣವನಾದೆ.

ಹೌದು ಮಕ್ಕಳೇ, ಬ್ರಯೋಜೋವಗಳಲ್ಲಿ ಹೆಚ್ಚಿನವು ಸಮುದ್ರದವಾದರೂ, ಸುಮಾರು ನೂರು ಜಾತಿಗಳು ಸಿಹಿನೀರಿನಲ್ಲಿವೆ. ಸಮುದ್ರದಿಂದ ಬಹುದೂರದ ನಾಗಪುರದ ಕೆರೆಯಲ್ಲಿ ಸ್ಟೀಫನ್ ಹಿಸ್ಲಪ್ ಎಂಬ ಪಾದ್ರಿಗೆ ಒಂದು ಹಾವಸೆ ಪ್ರಾಣಿ ಸಿಕ್ಕಿತು. ಮುಂಬೈಯಲ್ಲಿ ಸೈನ್ಯದ ವೈದ್ಯರಾಗಿದ್ದ ಹೆನ್ರಿ ಕಾರ್ಟರ್ 1858ರಲ್ಲಿ ಅದನ್ನು ವರ್ಣಿಸಿ ಹಿಸ್ಲೋಪಿಯ ಎಂದು ಹೆಸರಿಟ್ಟರು. 1911ರಲ್ಲಿ ನೆಲ್ಸನ್ ಅನ್ನಂಡೇಲ್ ಭಾರತದ ಸಿಹಿನೀರಿನ ಸ್ಪಂಜು, ಹೈಡ್ರಾ, ಹಾವಸೆ ಪ್ರಾಣಿಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಐದು ವರ್ಷಗಳ ನಂತರ ಕಲ್ಕತ್ತೆಯಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ ಆರಂಭವಾದಾಗ ಅದರ ಮೊದಲ ನಿರ್ದೇಶಕರಾದವರೂ ಅವರೇ.

ನಮ್ಮ ಬೇಸಿಗೆ ನಿಮಗೆ ಗೊತ್ತಲ್ಲ, ಕೆರೆಗಳು ಬಿರುಕು ಬಿಡುತ್ತವೆ. ಆಗ ಇವು ಏನು ಮಾಡುತ್ತವೆ? ಸಿಹಿನೀರಿನ ಹಲವು ಜಾತಿಗಳು ಸಾಸಿವೆ ಕಾಳಿಗಿಂತಲೂ ಚಿಕ್ಕದಾದ, ಗಟ್ಟಿ ಸಿಪ್ಪೆಯ ಕಂದು ಬೀಜದಂಥ ಮೊಗ್ಗುಗಳನ್ನು ಮಾಡಿಟ್ಟು ಸಾಯುತ್ತವೆ. ಸ್ಟಾಟೋಬ್ಲಾಸ್ಟ್ ಎಂದು ಅದರ ಹೆಸರು. ಒಣಗಿದ ಕೆಸರಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದು, ನೀರು ಬಂದಾಗ ಮೊಳೆತು ಹೊಸ ವಠಾರ ಶುರುಮಾಡುತ್ತದೆ. ನೀರಿನ ಹಕ್ಕಿಗಳ ಗರಿಗೆ ಅಂಟಿಕೊಂಡು, ಹೊಟ್ಟೆಯೊಳಗೂ ಸೇರಿಕೊಂಡು ಒಂದು ಕೆರೆಯಿಂದ ಇನ್ನೊಂದಕ್ಕೆ ಪ್ರಯಾಣ ಮಾಡುತ್ತದೆ. 2024ರಲ್ಲಿ ರಾಮ್ಸಾರ್ ತಾಣವೆಂದು ಹೆಸರು ಪಡೆದ ಪಕ್ಕದ ವಿಜಯನಗರ ಜಿಲ್ಲೆಯ ಅಂಕಸಮುದ್ರಕ್ಕೆ ಬರುವ ಸಾವಿರಾರು ಹಕ್ಕಿಗಳ ಕಾಲಿನ ಕೆಸರಿನಲ್ಲಿ ಏನೇನಿರಬಹುದೋ, ಯೋಚಿಸಿ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಪ್ರತಿ ಶಾಲೆಯೂ ಒಂದು ಮಂಗಳೂರು ಹಂಚಿನ ಚೂರನ್ನು ದಾರಕ್ಕೆ ಕಟ್ಟಿ ನೀರಿನಲ್ಲಿ ಇಳಿಬಿಡಲಿ. ದನ ಕುಡಿಯುವ ತೊಟ್ಟಿಯಾದೀತು, ಕಟ್ಟೆ ಇರುವ ಬಾವಿಯಾದೀತು. ಕಾಲುವೆಗೆ ಮಾತ್ರ ಹೋಗಬೇಡಿ. ತುಂಗಭದ್ರಾ ಕಾಲುವೆಗಳ ಸೆಳೆತ ಮೇಲಿನಿಂದ ಕಾಣುವುದಿಲ್ಲ, ಇಳಿಜಾರಿನಲ್ಲಿ ಕಾಲು ನಿಲ್ಲುವುದಿಲ್ಲ. ಹೇಳಿದೆನಲ್ಲ ಹಿಸ್ಲಪ್, ಅವರು 1863ರಲ್ಲಿ ಉಕ್ಕಿದ ಹೊಳೆ ದಾಟುವಾಗ ಮುಳುಗಿ ತೀರಿಕೊಂಡರು. ಹಂಚು ಇಳಿಸುವುದು, ಎತ್ತುವುದು ಎರಡೂ ಗುರುಗಳ ಕೆಲಸ, ನಿಮ್ಮದು ನೋಡುವುದು, ಬರೆಯುವುದು. ತಿಂಗಳಿಗೊಮ್ಮೆ ಹಂಚನ್ನು ಎತ್ತಿ, ಅದೇ ನೀರು ತುಂಬಿದ ಗಾಜಿನ ಪಾತ್ರೆಯಲ್ಲಿಟ್ಟು ಅರ್ಧ ಗಂಟೆ ಅಲುಗಿಸದೆ ಕಾಯಿರಿ. ಮಸೂರದಲ್ಲಿ ನೋಡಿ. ಕೊಳವೆಗಳ ತುದಿಯಲ್ಲಿ ಕಿರೀಟಗಳು ಅರಳಿದರೆ, ಹುಲ್ಲುಕಡ್ಡಿ ತಾಗಿಸಿದಾಗ ಒಳಗೆ ಸರಿದರೆ, ಅದು ಪಾಚಿಯಲ್ಲ.

ನೀರೇ ಇಲ್ಲದ ಊರಿನವರು ಬೇಸರ ಮಾಡಬೇಕಿಲ್ಲ. ನೂರು ಚೌಕದ ಚೌಕಟ್ಟನ್ನು ಹಿಡಿದು ಬಳ್ಳಾರಿ ಗುಡ್ಡಕ್ಕೋ ಕುರುಗೋಡಿನ ಬೆಟ್ಟದ ಬುಡಕ್ಕೋ ಗುರುಗಳೊಂದಿಗೆ ಹೋಗಿ. ಬಂಡೆಯ ಮೇಲೆ ಬೂದು, ಹಳದಿ, ಕಪ್ಪು ಮಚ್ಚೆಗಳಿವೆಯಲ್ಲ, ಅವು ಕಲ್ಲುಹೂವುಗಳು. ಪ್ರಾಣಿಗಳಲ್ಲ, ಆದರೆ ಬಂಡೆಗೆ ಅಂಟಿ, ಜಾಗಕ್ಕಾಗಿ ಜಗಳವಾಡುತ್ತ ಬೆಳೆಯುವುದರಲ್ಲಿ ಇಬ್ಬರೂ ಒಂದೇ. ನೇತ್ರಾಣಿಯ ನೀರಿನೊಳಗೆ ಮಾಡುವ ಲೆಕ್ಕವನ್ನು ಇಲ್ಲಿ ಒಣ ಬಂಡೆಯ ಮೇಲೆ ಮಾಡಿ ಕಲಿಯಬಹುದು.

ಶಿಕ್ಷಕ ಮಿತ್ರರು ಒಂದು ಮಾತು ಕೇಳುತ್ತಾರೆ: "ಹೆಸರು ಯಾರು ಹೇಳಬೇಕು ಸಾರ್? ನಮಗೂ ಗೊತ್ತಿಲ್ಲ." ಸರಿಯಾದ ಮಾತೇ. ಆದರೆ ಹೆಸರು ಗೊತ್ತಾಗುವವರೆಗೆ ಬರೆಯದೆ ಕೂರುವುದು ತಪ್ಪೆಂದು ನನಗನಿಸುತ್ತದೆ. 'ಗುರುತಾಗದ್ದು 1', 'ಗುರುತಾಗದ್ದು 2' ಎಂದು ಬರೆಯಿರಿ. ತಾರೀಖು, ಜಾಗ, ಬಣ್ಣ, ಎಷ್ಟು ಚೌಕ, ಒಂದು ಚಿತ್ರ. ಇಷ್ಟಿದ್ದರೆ ಮುಂದೊಂದು ದಿನ ಬಲ್ಲವರು ಹೆಸರು ಹೇಳುತ್ತಾರೆ. 2002ರ ಜೀವವೈವಿಧ್ಯ ಕಾಯ್ದೆಯ ಅಡಿಯಲ್ಲಿ ಗ್ರಾಮ ಪಂಚಾಯಿತಿಗಳು ತಮ್ಮ ಊರಿನ ಜೀವಿಗಳ ದಾಖಲಾತಿ ಇಡಬೇಕು. ನಿಮ್ಮ ನೋಟ್‌ಬುಕ್ಕಿನ ಒಂದು ಪ್ರತಿಯನ್ನು ಅಲ್ಲಿಗೂ ಕೊಡಿ. ಬೇವು, ಜಾಲಿ, ನವಿಲಿನ ಪಕ್ಕದಲ್ಲಿ 'ಗುರುತಾಗದ್ದು 1' ಕೂಡ ಇರಲಿ.

ಕುರುಗೋಡಿನ ಆ ಶಾಲೆಯಲ್ಲಿ ಈಗ ಒಂದು ಹಂಚು ತೊಟ್ಟಿಯಲ್ಲಿದೆ. ದಾರ ಕಟ್ಟಿದವನು ಪ್ರಶ್ನೆ ಕೇಳಿದ ಹುಡುಗನೇ. ಮೊದಲ ತಿಂಗಳು ಹಸಿರು ಪಾಚಿ ಮತ್ತು ಎರಡು ಬಸವನಹುಳುಗಳು. ಎರಡನೆಯ ತಿಂಗಳು ದನವೊಂದು ದಾರವನ್ನೇ ಅಗಿದು ಹಾಕಿತು. ಹೊಸ ದಾರ ಕಟ್ಟಿದ್ದಾರೆ. ಮೂರನೆಯ ತಿಂಗಳ ಪುಟದಲ್ಲಿ ಹಂಚಿನ ಕೆಳಮೈಯ ಎಡ ಮೂಲೆ, ಮೂರು ಚೌಕ, ಕಂದು ಬಣ್ಣ ಎಂದು ಬರೆದು, ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಒಂದು ಚಿತ್ರ ಬಿಡಿಸಿ ನನಗೆ ತೋರಿಸಲು ಇಟ್ಟುಕೊಂಡಿದ್ದಾರಂತೆ. ಬರುವ ಸೋಮವಾರ ಮಸೂರ ತೆಗೆದುಕೊಂಡು ಹೋಗುತ್ತಿದ್ದೇನೆ. ಈ ಸಲ ಕನ್ನಡಕವನ್ನೂ.